ಎಡಗಡೆಯ ಟೈರುಗಳೇ ಯಾಕೆ?

ರೀ,

ಆನೆಯಂಥ ಆ ದುಬಾರಿ ಗಾಡಿಗೆ ಹೊಸ ಟೈರ್ ಹಾಕಿಸೋಣ, ಬೇಡ ಅನ್ನುವುದಿಲ್ಲ. ಭಾರ ತಡೆಯುವಂಥದ್ದನ್ನೇ ಆರಿಸಿ, ಥಳಕಿಗೆ ಮರುಳಾಗಬೇಡಿ.

ಆದರೆ "ಕಂಪನಿ ಮಾಲೇ ಕಳಪೆ" ಅನ್ನುವ ನಿಮ್ಮ ಮಾತು ನನ್ನ ಗಂಟಲಲ್ಲಿ ಇಳಿಯುತ್ತಿಲ್ಲ. ಬೆಳಿಗ್ಗೆ ಬಗ್ಗಿ ನೋಡಿದೆ. ಬಲಗಡೆಯ ಟೈರುಗಳು ನೆಟ್ಟಗಿವೆ, ಎಡಗಡೆಯ ಎರಡರ ಪಕ್ಕೆ ಮಾತ್ರ ತರಚಿ ಸೀಳಿದೆ. ನಿನ್ನೆ ಗೇಟಿನ ಹತ್ತಿರ ಗಾಡಿ ಕಲ್ಲಿಗೆ ಉಜ್ಜಿದಾಗ "ಏನ್ರೀ ಅದು?" ಅಂದೆ. "ಎಲ್ಲೇ? ಏನೂ ಇಲ್ವಲ್ಲ!" ಅಂದಿರಿ. ನಿಮಗೆ ಎಡಗಡೆಯ ಆ ಕಲ್ಲು ಕಾಣಲೇ ಇಲ್ಲ, ಹೌದು ತಾನೇ?

ಸಂಜೆ ಕಣ್ಣಿನ ಡಾಕ್ಟರ ಹತ್ತಿರ ಹೋಗುತ್ತಿದ್ದೇವೆ. ಕೀ ಹುಡುಕಬೇಡಿ, ನನ್ನ ಬ್ಯಾಗಿನಲ್ಲಿದೆ. ನಾನೇ ಓಡಿಸುತ್ತೇನೆ. ಪಕ್ಕದಲ್ಲಿ ಕೂತು ದಾರಿಯುದ್ದಕ್ಕೂ ಎಷ್ಟು ಬೇಕಾದರೂ ಬಯ್ಯಿರಿ.