ಅಳಿಸಿಹೋದ ಮಾತು

ಅಡ್ಯಾರ್, ಚೆನ್ನೈ
19 ನವೆಂಬರ್ 2006

ಪ್ರೀತಿಯ ಪ್ರಣಮ್ಯಾ,

ಹೇಗಿದ್ದೀಯೆ ಎಂದು ಕೇಳಲು ಬಾಯಿ ಬರುತ್ತಿಲ್ಲ. ಮೂರೇ ದಿನದ ಜ್ವರಕ್ಕೆ ನಿನ್ನ ತಮ್ಮ ಮನೀಶ್ ತೀರಿಕೊಂಡು ನಾಳೆಗೆ ನಲವತ್ತು ದಿನ. ನೀನು ಕುಂದಾಪುರಕ್ಕೆ ಹಿಂತಿರುಗಿದ ಮೇಲೆ ನಾನು ಪುರಸೈವಾಕ್ಕಂನ ನಿಮ್ಮ ಮನೆ ಕಡೆ ತಲೆ ಹಾಕಿರಲಿಲ್ಲ. ಮೊನ್ನೆ ನಿಮ್ಮಮ್ಮನೇ ಎರಡು ಬಸ್ಸು ಬದಲಿಸಿ ನಮ್ಮ ಕಾಲೇಜಿನ ಸಮುದಾಯ ರೇಡಿಯೋಗೆ ಬಂದರು. ಒಂದು ಕೈಯಲ್ಲಿ ಖಾಲಿ ಕ್ಯಾಸೆಟ್ಟು, ಇನ್ನೊಂದರಲ್ಲಿ ನನಗೆಂದು ನೀರ್ದೋಸೆಯ ಡಬ್ಬಿ.

ಆಗಸ್ಟಿನಲ್ಲಿ ನನ್ನ ಭಾನುವಾರದ ಕಾರ್ಯಕ್ರಮದಲ್ಲಿ ಮನೀಶನ ಬ್ಯಾಂಡನ್ನು ಪರಿಚಯಿಸಿದ್ದೆನಲ್ಲ, ಅದು ಬೇಕಂತೆ. ಅವತ್ತು ನಿಮ್ಮ ಹೋಟೆಲಿನ ಹಿಂದಿನ ಕೋಣೆಯಲ್ಲಿ ಅರ್ಧ ಗಂಟೆ ರೇಡಿಯೋದ ಮುಳ್ಳು ತಿರುಗಿಸಿದರಂತೆ. ಬರೀ ಬುಸ್ ಅನ್ನುವ ಸದ್ದು. ನಮ್ಮ ಪುಟ್ಟ ನಿಲಯದ ದನಿ ಅಷ್ಟು ದೂರ ತಲುಪುವುದಿಲ್ಲವೆಂದು ಅವರಿಗೆ ಯಾರು ಹೇಳಬೇಕಿತ್ತು?

ಹಾಡುಗಳನ್ನು ತುಂಬಿಸಿ ಕೊಡುತ್ತೇನೆ ಎಂದೆ. ಅಮ್ಮ ತಲೆಯಾಡಿಸಿದರು. "ಇಂಗ್ಲೀಷ್ ಪದ ನಂಗೆ ಅರ್ಥ ಆತಿಲ್ಲೆ ಹೆಣೆ. ಅಂವ ಮಾತಾಡದ್ ಎರಡ್ ಅಕ್ಷರ ಇದ್ರೂ ಸಾಕ್" ಎಂದರು. ಮಾತುಕತೆಯ ಭಾಗ ಅಳಿಸಿಹೋಗಿದೆ, ಕಂಪ್ಯೂಟರಿನಲ್ಲಿ ಜಾಗ ಸಾಲದೆ ಹಳೆಯದನ್ನೆಲ್ಲ ತೆಗೆದುಬಿಡುತ್ತೇವೆ ಎಂದೆ. "ಅಡ್ಡಿಲ್ಲೆ ಬಿಡ್" ಎಂದರು. ಸಿಕ್ಕರೆ ಇರಲಿ ಎಂದು ಕ್ಯಾಸೆಟ್ಟನ್ನು ಮೇಜಿನ ಮೇಲೇ ಬಿಟ್ಟುಹೋದರು.

ಪ್ರಣಮ್ಯಾ, ನಾನು ಸುಳ್ಳು ಹೇಳಿದೆ. ಹನ್ನೆರಡು ನಿಮಿಷದ ಮಾತೂ ಹಾಗೇ ಇದೆ. ಮನೆಯಲ್ಲಿ ಯಾರಿದ್ದಾರೆ ಎಂದು ಕೇಳುತ್ತೇನೆ. "ಎನಕ್ಕು ಯಾರುಂ ಇಲ್ಲೆ," ತನಗೆ ಯಾರೂ ಇಲ್ಲ ಎನ್ನುತ್ತಾನೆ. ನಿಮ್ಮಮ್ಮನ ತಮಿಳು ನನ್ನದಕ್ಕಿಂತ ಚೆನ್ನಾಗಿದೆ. ಬ್ಯಾಂಡಿನ ವಿಷಯಕ್ಕೆ ಅಪ್ಪ ಮನೆಯಿಂದ ಹೊರಹಾಕಿದ ಮೇಲೂ ಸಪ್ಲೈಯರ್ ತಮ್ಮಯ್ಯನ ಕೈಯಲ್ಲಿ ಗುಟ್ಟಾಗಿ ಅವನಿಗೆ ಊಟ ಕಳಿಸುತ್ತಿದ್ದ ತಾಯಿಗೆ ಇದನ್ನು ಹೇಗೆ ಕೇಳಿಸಲಿ? ಅಪ್ಪನ ಮೇಲಿನ ಸಿಟ್ಟಿಗೆ ಹಾಗೆಂದನೋ ಏನೋ. ಆ ಮಾತನ್ನಷ್ಟೇ ಕತ್ತರಿಸೋಣವೆಂದರೆ ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ಒಂಟಿ ಕೋಣೆ, ಒಂಟಿ ಬದುಕು, ಅದರಿಂದಲೇ ಹುಟ್ಟಿದ ಹಾಡು.

ಅಮ್ಮನ ಕ್ಯಾಸೆಟ್ಟಿನಲ್ಲಿ ಎಲ್ಲವನ್ನೂ ತುಂಬಿ ಕಳಿಸುತ್ತಿದ್ದೇನೆ. ಕೊಡುವುದೋ ಬಿಡುವುದೋ, ಮಗಳು ನೀನು, ನೀನೇ ನೋಡು.

ನಿನ್ನ
ಗಗನಾ

ತಾ.ಕ.: ಪತ್ರ ಮಡಿಸಿದವಳು ಮತ್ತೆ ಬಿಚ್ಚಿದ್ದೇನೆ. ಅಪ್ಪನ ಮೇಲಿನ ಸಿಟ್ಟು ಎಂದು ಬರೆದದ್ದು ಸುಳ್ಳು. ಆ ಉತ್ತರ ನಾನು ಬರೆದುಕೊಟ್ಟದ್ದು. ಯಾರೂ ಇಲ್ಲದ ಹುಡುಗನೆಂದರೆ ಕೇಳುವವರ ಮನಸ್ಸು ಕರಗುತ್ತದೆ ಎಂದು ಹಟ ಹಿಡಿದೆ. ರೆಕಾರ್ಡ್ ಮಾಡುವಾಗ ಮನೀಶ್ ಎರಡು ಸಲ ಅದನ್ನು ಹೇಳಲೇ ಇಲ್ಲ. ಅಮ್ಮ ಹಿಟ್ಟು ರುಬ್ಬುತ್ತ ಗುನುಗುವುದನ್ನು ಕೇಳಿಯೇ ಹಾಡಲು ಕಲಿತೆ ಎಂದ, ಎರಡು ಸಲವೂ. ಮೂರನೆಯ ಸಲ ನನಗಾಗಿ ಒಪ್ಪಿಕೊಂಡ. ಆ ಮೊದಲಿನ ಎರಡನ್ನೂ ನನ್ನ ಕೈಯಾರೆ ಅಳಿಸಿದೆ. ಅಳಿಸಿಹೋಗಿದೆ ಎಂದು ಅಮ್ಮನಿಗೆ ಹೇಳಿದ್ದು ಅಷ್ಟರ ಮಟ್ಟಿಗೆ ನಿಜ.