ಎರಡು ಪೆಟ್ಟು, ಆಮೇಲೆ ಮೂರು

ಚಿದ್ರಿ, ಬೀದರ
೧೧ ನವೆಂಬರ್ ೨೦೨೪, ಸೋಮವಾರ

ಶೈಸ್ತಾಳಿಗೆ ಸಲಾಂ.

ನಾನು ಅನ್ವರಿ ಬೇಗಂ. ಬಾವಿ ತೋಡುವ ಖಾಸಿಂ ಅಲಿಯವರ ಹೆಂಡತಿ, ಔರಾದದ ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿದವಳು. ಚಿದ್ರಿಯಲ್ಲಿ ಮದುವೆಯ ಮಾತಾಗಲಿ, ಜಗಳದ ತೀರ್ಮಾನವಾಗಲಿ, ನಾನು ಬಂದು ಕೂರುವವರೆಗೆ ಶುರುವಾಗುವುದಿಲ್ಲ. ಇದೆಲ್ಲ ನಿನಗೆ ಗೊತ್ತಿರುವುದೇ. ಭಾಲ್ಕಿಯ ನಿನ್ನ ತವರಿಗೆ ಹನ್ನೊಂದು ವರ್ಷದಿಂದ ಒಂದು ಸಾಲೂ ಬರೆಯದವಳು ನಾನು, ಆದ್ದರಿಂದ ಹೆಸರು ಹೇಳಿಕೊಂಡೇ ಶುರು ಮಾಡಿದೆ. ನಿನ್ನ ಅತ್ತೆ ಎಂದು ಬರೆಯಲು ಕೈ ಬರಲಿಲ್ಲ.

ಮೊನ್ನೆ ಶನಿವಾರ ಗಣಿಯ ದಿನ, ಬೆಂಕಿ ಬಿದ್ದು ಹನ್ನೊಂದು ವರ್ಷ. ಔರಾದದಲ್ಲಿ ಭೀಮಬಾಯಿಯ ಮನೆಯಲ್ಲಿ ಸೇರಿದ್ದೆವು. ಗೋದಾವರಿಯ ಆಚೆ ಆ ಕಲ್ಲಿದ್ದಲು ಗಣಿಯೊಳಗೆ ಉಳಿದುಹೋದ ಏಳು ಜನರ ಮನೆಯವರು, ಮತ್ತು ಜೀವ ಉಳಿಸಿಕೊಂಡು ಹೊರಬಂದ ಉಸ್ಮಾನ ಮಿಯಾ. ನಿನ್ನ ಮೈದುನ ಖಾಲಿದ ನನ್ನನ್ನು ಬಸ್ಸಿನಲ್ಲಿ ಕರೆದೊಯ್ದ. ಎಂದಿನಂತೆ ಮೊದಲ ಕುರ್ಚಿ ನನಗೆ. ಫಾತಿಹಾ ಆಯಿತು, ಭೀಮಬಾಯಿ ಗಂಡನ ಫೋಟೋಕ್ಕೆ ಹೂ ಏರಿಸಿದಳು, ಊಟವಾಯಿತು. ತಟ್ಟೆ ಎತ್ತುತ್ತ ಅವಳು ಗಡಿಯಾರ ನೋಡಿದಳು.

“ಮೂರು ಆಗ್ಲಿಕ್ಕಿ ಬಂತು. ನಮ್ಮಾಂವ ಈಗ ಬರ್ತಾನ ನೋಡ್ರಿ. ವರ್ಷಾ ಇದೇ ದಿನ ಈ ಗ್ವಾಡಿ ಬಡೀತಾನ. ಬದುಕಿದ್ದಾಗ ಒಂದಿನಾ ಬಾಗಿಲಾ ಬಡದು ಬಂದಾಂವಲ್ಲ, ಒದ್ದೇ ಬರ್ತಿದ್ದ. ಸತ್ತ ಮ್ಯಾಲ ಮರ್ಯಾದಿ ಕಲ್ತಾನ!”

ಎಲ್ಲರೂ ನಕ್ಕರು. ಹ್ಯಾಂಗ ಬಡೀತಾನ ಎಂದು ಯಾರೋ ಕೇಳಿದರು. ಅವಳು ಬಳೆಯಿಂದ ಸ್ಟೀಲಿನ ತಟ್ಟೆ ಬಡಿದು ತೋರಿಸಿದಳು. ಎರಡು ಪೆಟ್ಟು. ಒಂದು ಉಸಿರಿನಷ್ಟು ಬಿಡುವು. ಆಮೇಲೆ ಮೂರು.

ನಗು ನಿಂತಿತು. ಮನ್ನಳ್ಳಿಯಿಂದ ಬಂದ ಹೆಂಗಸು, “ನಮ್ಮ ಮನ್ಯಾಗೂ ಹಿಂಗೇ ರಿ, ಬಚ್ಚಲದ ಕಲ್ಲಿನ ಕೆಳಗ,” ಅಂದಳು. ಇನ್ನೊಬ್ಬರು ಜೋಳದ ಕಣಜದ ಹಿಂದೆ ಅಂದರು. ಆರು ಮನೆಯವರೂ ಒಬ್ಬೊಬ್ಬರಾಗಿ ಬಾಯಿಬಿಟ್ಟರು. ಪ್ರತಿಯೊಬ್ಬರೂ ಅದು ತಮ್ಮವನೇ ಎಂದುಕೊಂಡು ಹನ್ನೊಂದು ವರ್ಷ ಸುಮ್ಮನಿದ್ದರು. ಎಲ್ಲರಿಗೂ ಕೇಳಿದ್ದು ಅದೇ ಎರಡು, ಅದೇ ಮೂರು. ನಮ್ಮ ಮನೆಯಲ್ಲಿ ಒಂದು ದಿನವೂ ಏನೂ ಕೇಳಿಸಿಲ್ಲ.

ಮೂರು ಗಂಟೆಗೆ ಎಲ್ಲರೂ ಒಮ್ಮೆಲೇ ಗೋಡೆಯ ಕಡೆ ತಿರುಗಿದರು. ಖಾಲಿದ ಆ ಗೋಡೆಗೇ ಒರಗಿ ಕೂತಿದ್ದ. ಬೆನ್ನಿಗೆ ಬಿಸಿ ತಾಗಿದವನಂತೆ ಮುಂದಕ್ಕೆ ಜರುಗಿದ. ಅವನ ಹೆಗಲ ಮೇಲೆ ಒಂದಿಷ್ಟು ಮಣ್ಣು ಉದುರಿತು. ಮಣ್ಣು ಉದುರಿದ್ದನ್ನು ನಾನು ನೋಡಿದೆ. ಸದ್ದು ಮಾತ್ರ ನನಗೆ ಕೇಳಿಸಲಿಲ್ಲ, ಶೈಸ್ತಾ. ಕಿವಿ ಚೆನ್ನಾಗಿದೆ, ಬೀದಿಯ ಕೊನೆಯಲ್ಲಿ ಯಾರು ಕೆಮ್ಮಿದರೂ ಹೆಸರು ಹೇಳುತ್ತೇನೆ.

ನಮ್ಮ ಮನೆಯ ಕಸುಬಿನ ಒಂದು ಪದ್ಧತಿಯನ್ನು ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ಬಾವಿಗೆ ಇಳಿದವನ ಮುಖ ಮೇಲಿನವರಿಗೆ ಕಾಣುವುದಿಲ್ಲ, ಕೂಗಿದರೆ ಮಾತು ಕಲಸಿಹೋಗುತ್ತದೆ. ಅದಕ್ಕೇ ಅವನು ಕಲ್ಲಿನ ಮೇಲೆ ಸುತ್ತಿಗೆಯಿಂದ ಬಡಿಯುತ್ತಾನೆ. ಒಬ್ಬೊಬ್ಬನಿಗೆ ಒಂದೊಂದು ಬಡಿತ. ಹಗ್ಗ ಹಿಡಿದು ಮೇಲೆ ಕೂರುತ್ತಿದ್ದವಳು ನಾನು. ಎರಡು, ಆಮೇಲೆ ಮೂರು: ಅದು ನಿನ್ನ ಗಂಡ ಅಖೀಲನದು. ಹದಿನಾಲ್ಕು ವರ್ಷದವನಿದ್ದಾಗ ನಾನೇ ಕೊಟ್ಟದ್ದು.

ಈಗ ಗಣಿಗೆ ಬೆಂಕಿ ಬಿದ್ದ ಮೂರನೆಯ ದಿನದ ಮಾತು. ಗಣಿಯ ಬಾಯಿಯ ಹತ್ತಿರ ನೀರಿನ ಪೈಪಿನೊಳಗೆ ಏನೋ ಸದ್ದು ಬರುತ್ತಿತ್ತು. ಹಿಂದಿನ ದಿನ ಹುಡುಕಲು ಇಳಿದ ಇಬ್ಬರು ತಿರುಗಿ ಬಂದಿರಲಿಲ್ಲ. ಸದ್ದು ಮನುಷ್ಯರದಾದರೆ ಇನ್ನೊಮ್ಮೆ ಇಳಿಯುವುದು, ಇಲ್ಲವಾದರೆ ಬೆಂಕಿ ಹರಡದಂತೆ ಬಾಯಿ ಮುಚ್ಚುವುದು ಎಂದು ಅಧಿಕಾರಿ ಹೇಳಿದರು. ನಮ್ಮ ಬಡಿತದ ಪದ್ಧತಿ ಬಲ್ಲ ಉಸ್ಮಾನ ಮಿಯಾ ನನ್ನನ್ನು ಕರೆದೊಯ್ದರು. ನೀನು ಮನೆಯವರಿಗೆ ಹಾಕಿದ್ದ ಡೇರೆಯಿಂದ ಓಡಿ ಬಂದು, “ಅವ್ರು ಜೀವಂತ ಇದ್ದಾರ, ಅಮ್ಮೀ, ತೆಗೀಲಿಕ್ಕಿ ಹೇಳ್ರಿ,” ಎಂದು ನನ್ನ ಸೆರಗು ಹಿಡಿದೆ. ಇಳಿಯಲು ಸೊಂಟಕ್ಕೆ ಪಟ್ಟಿ ಬಿಗಿದು ನಿಂತಿದ್ದವನು ಖಾಲಿದ. ಅದೇ ಗಣಿಯಲ್ಲಿ ಇನ್ನೊಂದು ಪಾಳಿಯವನು, ದಾರಿ ಬಲ್ಲವನು.

ನಾನು ಪೈಪಿಗೆ ಕಿವಿ ಇಟ್ಟೆ. ಎರಡು. ಆಮೇಲೆ ಮೂರು.

“ಇದು ನಮ್ಮವರದಲ್ಲರಿ. ನೀರು ಬಡೀಲಿಕತ್ತದ,” ಎಂದೆ.

ಸಂಜೆಯೊಳಗೆ ಬಾಯಿ ಮುಚ್ಚಿದರು. ಅದೇ ಸಂಜೆ ನಿನ್ನ ಕೊರಳಿನ ಕರಿಮಣಿ ನಾನೇ ತೆಗೆದು ನಿನ್ನನ್ನು ವಿಧವೆಯ ಇದ್ದತ್ತಿಗೆ ಕೂರಿಸಿದೆ. ನೀನು ಒಲ್ಲೆನೆಂದು ಕಿರುಚಿದೆ. ಇವಳಿಗೆ ತಲೆ ಕೆಟ್ಟಿದೆ ಎಂದು ಜನರ ಮುಂದೆ ಹೇಳಿದವಳು ನಾನು. ತವರಿಗೆ ಅಟ್ಟಿದವಳೂ ನಾನೇ. ಪೈಪು ಐದನೆಯ ದಿನದವರೆಗೆ ಸದ್ದು ಮಾಡಿತು ಎಂದು ಉಸ್ಮಾನ ಮಿಯಾ ಆಮೇಲೆ ಹೇಳಿದರು. ಹಾಗಾದರೆ ನೀನು ವಿಧವೆಯಾಗಿ ಕೂತ ಮೊದಲ ಎರಡು ದಿನ ನಿನ್ನ ಗಂಡ ಬದುಕಿದ್ದ. ನಿನ್ನ ತಲೆ ಕೆಟ್ಟಿರಲಿಲ್ಲ.

ಭೀಮಬಾಯಿಯ ಗೋಡೆ ನೋಡುತ್ತ ಕೂತಾಗ ನನಗೆ ತಿಳಿಯಿತು, ಬರುತ್ತಿರುವವರು ಏಳು ಜನರಲ್ಲ. ಒಬ್ಬನೇ, ತನ್ನ ಬಡಿತ ಗುರುತಿಸುವವರನ್ನು ಹುಡುಕುತ್ತ ಮನೆ ಮನೆ ತಿರುಗುತ್ತಿದ್ದಾನೆ. ಗುರುತಿಸಿಯೂ ಇಲ್ಲವೆಂದವಳ ಮನೆಗೆ ಮಾತ್ರ ಹೋಗುವುದಿಲ್ಲ. ಉಸ್ಮಾನ ಮಿಯಾ ನನ್ನನ್ನೇ ನೋಡುತ್ತಿದ್ದರು. ಹೇಳಿದರೆ ಉಳಿಸಿಕೊಂಡ ಮಗನೂ ಕೈಬಿಡುತ್ತಾನೆ ಎಂದು ಗೊತ್ತಿತ್ತು. ಹನ್ನೊಂದು ವರ್ಷ ಬಾಯಿ ಮುಚ್ಚಿದ್ದು ಅದಕ್ಕೇ.

ಎದ್ದು ನಿಂತೆ. ಇಲ್ಲಿ ನಿನಗೆ ಬರೆದದ್ದನ್ನೆಲ್ಲ ಅಲ್ಲಿ ಎಲ್ಲರ ಮುಂದೆ ಹೇಳಿದೆ. ನಿನ್ನ ಹೆಸರು ಹಿಡಿದು, ನೀನು ಸರಿ, ನಾನು ಸುಳ್ಳಿ ಎಂದೆ. ಭೀಮಬಾಯಿ ತಟ್ಟೆಯನ್ನು ನೆಲಕ್ಕಿಟ್ಟು ಮುಖ ತಿರುಗಿಸಿದಳು. ಖಾಲಿದ ಕೂಗಿದ: “ಒಂದ್ ಮಾತು ಹೇಳಿದ್ರ ನಾ ಇಳೀತಿದ್ದೆ, ಅಮ್ಮೀ! ನನ್ನ ಅಣ್ಣನ್ನ ತರ್ತಿದ್ದೆ!” ಬಾಗಿಲು ದಾಟಿ ಹೋದ. ನಾನು ಒಬ್ಬಳೇ ಬಸ್ಸು ಹತ್ತಿ ಬೀದರಕ್ಕೆ ಬಂದೆ.

ಕ್ಷಮೆ ಕೇಳಲು ಬರೆದದ್ದಲ್ಲ. ಆದದ್ದು ನಿನಗೆ ತಿಳಿಯಬೇಕಿತ್ತು, ತಿಳಿಸಿದೆ.

ಅನ್ವರಿ ಬೇಗಂ

ತಾ.ಕ.: ಖಾಲಿದ ಇನ್ನೂ ಮನೆಗೆ ಬಂದಿಲ್ಲ; ನಿನ್ನ ಬಾಗಿಲಿಗೇ ಬರಬಹುದು. ಅಲ್ಲಿ ಹೇಳದ ಒಂದು ಮಾತಿದೆ, ಇನ್ನು ನಿನ್ನಿಂದ ಮುಚ್ಚಿಡಲಾರೆ. ಆ ದಿನ ನನಗಿಂತ ಮೊದಲು ಪೈಪಿಗೆ ಕಿವಿ ಇಟ್ಟವನು ಅವನು. ಅಣ್ಣನ ಜೊತೆ ಅದೇ ಬಾವಿಗಳಲ್ಲಿ ಬೆಳೆದವನು, ಆ ಬಡಿತ ಬಲ್ಲವನು. ನಾನು ತಲೆ ಎತ್ತಿ ಬಾಯಿ ತೆರೆಯುವ ಮೊದಲೇ ಅವನ ಕೈ ಸೊಂಟದ ಪಟ್ಟಿ ಬಿಚ್ಚುತ್ತಿತ್ತು. ಬಂದರೆ ಅದನ್ನು ಕೇಳಬೇಡ. ನೀರು ಕೊಡು.