ಶೇಷಮ್ಮನವರ ಬದನೆಕಾಯಿ ಪ್ರಕರಣ

ಹೊಸನಗರ
೧೬ ಜನವರಿ ೨೦೨೫, ಗುರುವಾರ

ಪ್ರೀತಿಯ ಪುಟ್ಟೀ,

ಅಲ್ಲ, ತಪ್ಪಾಯಿತು. ತರಬೇತಿಯಲ್ಲಿರುವ ಪಿ.ಎಸ್.ಐ. ಕುಮಾರಿ ಮೇಘನಾ ಅವರ ಸಮಕ್ಷಮಕ್ಕೆ, ಹೊಸನಗರದ ನಿವಾಸಿಯೂ ನಿವೃತ್ತ ಇತಿಹಾಸ ಉಪನ್ಯಾಸಕನೂ ಈವರೆಗೆ ಯಾವ ಠಾಣೆಯ ಮೆಟ್ಟಿಲನ್ನೂ ಹತ್ತದವನೂ ಆದ ನಟರಾಜ್ ಎಂಬ ನಾನು, ಯಾರ ಒತ್ತಾಯವೂ ಇಲ್ಲದೆ, ಸ್ವಸ್ಥಚಿತ್ತದಿಂದ ಬರೆದುಕೊಡುವ ತಪ್ಪೊಪ್ಪಿಗೆ ಏನೆಂದರೆ: ನಿನ್ನೆ ಬೆಳಿಗ್ಗೆ, ಪಕ್ಕದ ಮನೆಯ ಶೇಷಮ್ಮನವರು ಸಾಗರದ ಮಗಳ ಮನೆಗೆ ಹೋಗಿದ್ದ ಸಮಯ ಸಾಧಿಸಿ, ಅವರ ಹಿತ್ತಲಿನ ಬೇಲಿಯ ಸಂದಿಯಲ್ಲಿ ಕೈ ತೂರಿಸಿ ಎರಡು ಬದನೆಕಾಯಿ ಕದ್ದಿದ್ದೇನೆ. ಬೇಲಿಯ ಮುಳ್ಳು ಅಂಗಿಯ ತೋಳು ಹಿಡಿದು ಜಗ್ಗಿತು. ಅದನ್ನು ಬಂಧನದ ಯತ್ನ ಎಂದು ದಾಖಲಿಸಿಕೊಳ್ಳಬಹುದು. ಕದ್ದ ಮಾಲು ಈಗ ಉಳಿದಿಲ್ಲ. ಅದು ಎಲ್ಲಿಗೆ ಹೋಯಿತು ಎಂಬುದೇ ಈ ಕಾಗದದ ವಿಷಯ.

ಅದಕ್ಕೆ ಮೊದಲು ನಿನ್ನ ಆರೋಗ್ಯ. ಹಿಮ್ಮಡಿಯ ಬೊಬ್ಬೆ ಒಣಗಿತೇ? ಬೂಟಿನೊಳಗೆ ದಪ್ಪ ಕಾಲುಚೀಲ ಹಾಕು, ಅಂದಕ್ಕೆ ಬೇಕಾದರೆ ಮೇಲೊಂದು ತೆಳುವಾದದ್ದು ಹಾಕಿಕೋ. ಬೆಳಗಿನ ಓಟದ ಹೊತ್ತಿಗೆ ಮೈಸೂರಿನಲ್ಲೂ ಚಳಿ ಇರುತ್ತದೆ. ಬೆವರಿದ ಮೈಗೆ ತಣ್ಣೀರು ಸುರಿದುಕೊಳ್ಳಬೇಡ. ಮೆಸ್ಸಿನ ಪಲ್ಯ ಯಾವ ತರಕಾರಿಯದೆಂದು ಗುರುತಿಸಲು ಬೆರಳಚ್ಚು ತಜ್ಞರೇ ಬೇಕು ಎಂದಿದ್ದೆಯಲ್ಲ, ಗುರುತು ಸಿಗದಿದ್ದರೂ ತಿನ್ನು. ಅಪರಿಚಿತ ಶವವನ್ನೇ ಗೌರವದಿಂದ ಕಾಣಬೇಕಂತೆ, ಅಪರಿಚಿತ ಪಲ್ಯ ಯಾವ ಲೆಕ್ಕ.

ಈಗ ವಿಷಯಕ್ಕೆ. ಕಳೆದ ಭಾನುವಾರ ಸಿಕ್ಕ ಚೂರುಪಾರು ಫೋನಿನ ಹೊತ್ತಿನಲ್ಲಿ ನೀನು ಹೇಳಿದ್ದು ನನ್ನ ಕಿವಿಯಲ್ಲೇ ಕೂತಿದೆ: “ಸಾಕು ಅಪ್ಪ, ಬರೋ ಸೋಮವಾರ ರಾಜೀನಾಮೆ ಬರ್ದುಕೊಟ್ಟು ಬಂದ್ಬಿಡ್ತೀನಿ. ಅಮ್ಮ ಹಂಗೆ ಸೊರಗ್ತಿರ್ಬೇಕಾದ್ರೆ ನಂಗೆ ಈ ಟೋಪಿ ಯಾಕೆ.” ಎಲ್ಲ ಸರಿಹೋಗುತ್ತದೆ ಎಂದು ನಾನಂದೆ. ನೀವು ಸುಳ್ಳು ಹೇಳ್ತೀರಿ ಎಂದು ನೀನು ಫೋನಿಟ್ಟೆ. ನನ್ನ ಮಾತಿನಲ್ಲಿ ತಮಾಷೆ ಯಾವುದು, ನಿಜ ಯಾವುದು ಎಂದು ಬೇರ್ಪಡಿಸುವುದು ಅಕ್ಕಿಯಿಂದ ಬಿಳಿ ಕಲ್ಲು ಆರಿಸಿದಂತೆ ಎಂದು ನಿನ್ನ ಅಮ್ಮನೂ ಹೇಳುತ್ತಾಳೆ. ಅದಕ್ಕೇ ಈ ಸಲ ಫೋನು ಬೇಡ, ಬರೆದುಕೊಟ್ಟ ಹೇಳಿಕೆ. ಕೆಳಗೆ ಸಹಿಯೂ ಇದೆ.

ದೀಪಾವಳಿಗೆ ಬಂದಾಗ ನೀನು ಕಂಡದ್ದೆಲ್ಲ ನಿಜ. ಮಳೆಗಾಲದ ಆ ಜ್ವರ ಹೋಗುವಾಗ ನಿನ್ನ ಅಮ್ಮನ ಮೂಗನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಜಗಲಿಯಲ್ಲಿ ಕೂತೇ ಒಲೆಯ ಮೇಲಿನ ಸಾರಿಗೆ ಇನ್ನೊಂದು ಕುದಿ ಬೇಕು ಎನ್ನುತ್ತಿದ್ದವಳು, ಶೇಷಮ್ಮನವರ ಒಗ್ಗರಣೆಗೆ ಇಂಗು ಬಿತ್ತೋ ಇಲ್ಲವೋ ಎಂದು ಇಲ್ಲಿಂದಲೇ ತೀರ್ಪು ಕೊಡುತ್ತಿದ್ದವಳು ಅವಳು. ಆದರೆ ನೀನು ಕಾಣದ್ದು ಒಂದಿದೆ. ನೀನು ವಾಪಸ್ ಹೋದ ಮೇಲೆ ತೀರ್ಥಹಳ್ಳಿಯಿಂದ ನಿನ್ನ ವಿನೋದ್ ಚಿಕ್ಕಪ್ಪ ಬಂದಿದ್ದ. ಬಡಿಸಿದ ಸಾರು ಹಳಸಿತ್ತು. ಅವನು ಮಾತಾಡದೆ ಉಂಡ. ನನ್ನ ಮುಖ ಮಾತ್ರ ಹಾಳಾದ್ದು, ಎಲ್ಲವನ್ನೂ ಹೇಳಿಬಿಟ್ಟಿತು. ಅವಳು ಸೌಟನ್ನು ತೊಳೆದು, ಒರೆಸಿ, ಗೂಟಕ್ಕೆ ಸಿಕ್ಕಿಸಿದಳು. “ವಾಸ್ನೆ ಗೊತ್ತಾಗದೋಳು ಒಲೆ ಮುಂದೆ ನಿಲ್ಬಾರ್ದು ರೀ” ಅಂದಳು. ಅಲ್ಲಿಂದ ಒಳಕೋಣೆ ಸೇರಿದವಳು ಊಟಕ್ಕೆ ಬಂದರೆ ಎರಡು ತುತ್ತು. ಮೀನುಸಾರೂ ಬಿಸಿನೀರೂ ಒಂದೇ, ಕೋಳಿ ತಿಂದರೆ ಬಟ್ಟೆ ಅಗಿದ ಹಾಗೆ. ಬಳೆಗಳು ಮೊಣಕೈವರೆಗೆ ಜಾರತೊಡಗಿದವು.

ಸಾಗರದ ಕಿವಿಮೂಗಿನ ಡಾಕ್ಟರು, ನರ ಎಚ್ಚರವಾದರೂ ಆಗಬಹುದು, ಆಗದಿದ್ದರೂ ಆಗದು, ದಿನಾ ಬೆಳಿಗ್ಗೆ ಸಂಜೆ ನಿಂಬೆಹಣ್ಣು, ಲವಂಗ, ಕಾಫಿಪುಡಿ ಮೂಸುತ್ತಿರಿ ಎಂದರು. ಹೊರಡುವಾಗ ಇನ್ನೊಂದು ಮಾತು ಸೇರಿಸಿದರು: ಕೆಲಸ ಬಿಟ್ಟಿರುವುದು ಮೂಗು ಮಾತ್ರ, ಹುಳಿ, ಉಪ್ಪು, ಕಹಿ, ಖಾರ, ಗರಿಗರಿ, ಇವೆಲ್ಲ ಇನ್ನೂ ಅವರಿಗೆ ಗೊತ್ತಾಗುತ್ತವೆ. ಬಸ್ಸಿನಲ್ಲಿ ಬರುತ್ತಾ ಇದನ್ನೇ ಯೋಚಿಸಿದೆ. ಮೂಗು ರಾಜೀನಾಮೆ ಕೊಟ್ಟಿದೆ, ಸರಿ. ನಾಲಿಗೆ, ಹಲ್ಲು, ಕಿವಿ ಡ್ಯೂಟಿಯಲ್ಲೇ ಇವೆಯಲ್ಲ? ಅವಕ್ಕೆ ಅಡುಗೆ ಮಾಡಿದರಾಯಿತು. ಯಾರು ಮಾಡಬೇಕು ಎಂಬ ಪ್ರಶ್ನೆಗೆ ಮನೆಯಲ್ಲಿ ಉತ್ತರವಾಗಿ ಉಳಿದವನು ನಾನೊಬ್ಬನೇ. ಕೆಳದಿ ಅರಸರ ವಂಶಾವಳಿಯನ್ನು ನಿದ್ದೆಯಲ್ಲೂ ಒಪ್ಪಿಸುವ, ಆದರೆ ಕಡಲೆಬೇಳೆಗೂ ತೊಗರಿಬೇಳೆಗೂ ಏನು ಸಂಬಂಧ ಎಂದರೆ ದಾಯಾದಿಗಳಿರಬೇಕು ಎನ್ನುವವನು.

ಮೊದಲು ಕೈಗೆ ಸಿಕ್ಕಿದ್ದು ಬೆಂಡೆಕಾಯಿ. ಹೆಚ್ಚಿ ತೊಳೆದೆ, ಮುಚ್ಚಳ ಮುಚ್ಚಿ ಬೇಯಿಸಿದೆ. ತೆರೆದು ನೋಡಿದರೆ ಸೌಟಿನ ಹಿಂದೆ ಲೋಳೆ ಎಳೆ ಎಳೆಯಾಗಿ ಎದ್ದು ಬಂತು, ಜೇಡ ಬಾಣಲೆಯಲ್ಲಿ ಸಂಸಾರ ಹೂಡಿದ ಹಾಗೆ. ಬೆಂಡೆ ಬೇಯುವ ಮೊದಲು ನಾನೇ ಬೆಂಡಾದೆ. ಮರುದಿನ ಮತ್ತೆ ಅದೇ ಸಾಹಸಕ್ಕೆ ಇಳಿದು ಮುಚ್ಚಳ ಇಟ್ಟೆನೋ ಇಲ್ಲವೋ, ಒಳಕೋಣೆಯಿಂದ ದನಿ ಬಂತು: “ಬೆಂಡೆಕಾಯಿಗೆ ಮುಚ್ಚಳ ಹಾಕ್ಬೇಡಿ ಮಾರಾಯ್ರೆ. ಮೊದ್ಲು ತೊಳ್ದು, ಒರ್ಸಿ, ಆಮೇಲೆ ಹೆಚ್ಚಿ. ಒಂಚೂರು ಹುಳಿ ಬಿಡಿ.” ಬಹಳ ದಿನಗಳ ಮೇಲೆ ಅವಳು ಅಡುಗೆಯ ಬಗ್ಗೆ ಆಡಿದ ಮಾತು ಪುಟ್ಟೀ. ನಾನು ಕೂಡಲೇ ಮುಚ್ಚಳ ತೆಗೆದು ಹುಣಸೆ ಹುಡುಕಿದೆ. ಆಮೇಲೆ ಗೊತ್ತಾಯಿತು, ಅವಳು ಮಲಗಿದಲ್ಲೇ ಇಡೀ ಅಡುಗೆಮನೆಯನ್ನು ಕಿವಿಯಲ್ಲಿ ಕೇಳುತ್ತಿದ್ದಳು. ಸಾಸಿವೆ ಇನ್ನೂ ಸಿಡಿದಿಲ್ಲ ಎಂದು ಅವಳಿಗೆ ಅಲ್ಲಿಂದಲೇ ತಿಳಿಯುತ್ತಿತ್ತು. ಅಂದಿನಿಂದ ನಾನು ಬೇಕೆಂದೇ ಪಾತ್ರೆ ಸದ್ದು ಮಾಡತೊಡಗಿದೆ.

ಬಾಳೆದಿಂಡು ಕಲಿತೆ. ಬಿಲ್ಲೆ ಬಿಲ್ಲೆಯಾಗಿ ಕೊಯ್ಯುವಾಗ ಬರುವ ನಾರನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಹೋಗಬೇಕು, ಹೆಚ್ಚಿದ್ದನ್ನು ಕೂಡಲೇ ಮಜ್ಜಿಗೆನೀರಿಗೆ ಹಾಕಬೇಕು, ಇಲ್ಲದಿದ್ದರೆ ಮುಖ ಕಪ್ಪಿಡುತ್ತದೆ. ಹಿಂಡಿ ತೆಗೆದು, ನೆನೆದ ಹೆಸರುಬೇಳೆ, ಕಾಯಿತುರಿ, ನಿಂಬೆರಸ ಹಾಕಿ ಕಲಸಿಕೊಟ್ಟೆ. ಅಗಿದರೆ ಕರಕರ ಸದ್ದು ನನಗೂ ಕೇಳುತ್ತಿತ್ತು. “ತಿಂತಿದ್ದೀನಿ ಅಂತಾದ್ರೂ ಗೊತ್ತಾಗುತ್ತೆ” ಎಂದು ಇನ್ನಷ್ಟು ಹಾಕಿಸಿಕೊಂಡಳು. ಹಾಗಲಕಾಯಿಯನ್ನು ಕಾಗದದಷ್ಟು ತೆಳ್ಳಗೆ ಹೆಚ್ಚಿ, ಉಪ್ಪು ಸವರಿ ಹಿಂಡಿ, ಸಣ್ಣ ಉರಿಯಲ್ಲಿ ಗರಿಗರಿಯಾಗಿ ಹುರಿದೆ. “ಕಹಿ ಇದೆ” ಅಂದಳು, ಊರಿಂದ ಯಾರೋ ನೆಂಟರು ಬಂದರು ಎನ್ನುವ ಖುಷಿಯಲ್ಲಿ. ಹಾಗಲಕಾಯಿಗೆ ಬೇವಿನಕಾಯಿ ಸಾಕ್ಷಿ ಅಂತಾರೆ. ನನ್ನ ಹಾಗಲಕಾಯಿಗೆ ನಿನ್ನ ಅಮ್ಮನೇ ಸಾಕ್ಷಿ, ಬೇಕಾದರೆ ವಿಚಾರಣೆಗೆ ಕರೆಸು. ಇನ್ನು ಸೌತೆಕಾಯಿಯ ಸಾಸಿವೆ. ಹಸಿ ಸಾಸಿವೆಯನ್ನು ಕಾಯಿ ಮತ್ತು ಜೀರಿಗೆಮೆಣಸಿನ ಜೊತೆ ಅರೆದು ಮೊಸರಿಗೆ ಬೆರೆಸುವಾಗ ನನ್ನ ಕೈಯಿಂದ ಸಾಸಿವೆ ಧಾರಾಳವಾಗಿ ಬಿತ್ತು. ಒಂದು ಚಮಚ ಬಾಯಿಗಿಟ್ಟವಳ ಕಣ್ಣಲ್ಲಿ ನೀರು. “ಮೂಗೊಳಗೆ ಚುರ್ ಅಂತು ರೀ!” ವಾಸನೆ ಬಂತೇ ಎಂದು ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಇಲ್ಲ, ಬರೀ ಚುರುಗುಟ್ಟಿದ್ದು ಅಷ್ಟೇ. ಕೂತೆ.

ಹೀಗೆ ಅವಳು ನಾಲ್ಕು ತುತ್ತು ಹೆಚ್ಚು ತಿನ್ನತೊಡಗಿದ್ದಳು. ಆಗ ಬಂತು ನಿನ್ನ ಭಾನುವಾರದ ಫೋನು. ಸ್ಪೀಕರಿನಲ್ಲಿತ್ತು, ಕೇಳಿಸಿಕೊಂಡಳು. ಗೋಡೆಯ ಕಡೆ ತಿರುಗಿ ಮಲಗಿ, “ನನ್ನ ಮೂಗಿಗೋಸ್ಕರ ಅವಳ ಕೆಲ್ಸ ಹೋಗ್ಬೇಕಾ” ಎಂದು ಒಂದೇ ಮಾತು. ಸಂಕ್ರಾಂತಿಯ ದಿನ ಎಳ್ಳು ಬೆಲ್ಲ ಕೊಟ್ಟೆ, ತಿಂದು ಒಳ್ಳೆ ಮಾತಾಡು ಅಂದೆ. ತಿಂದಳು, ಮಾತಾಡಲಿಲ್ಲ. ಬಾಳೆದಿಂಡೂ ಹಾಗೇ ಉಳಿಯಿತು.

ನನ್ನ ತಲೆಗೆ ಬದನೆಕಾಯಿ ಹೊಕ್ಕದ್ದು ಆವಾಗ. ಮದುವೆಯಾದ ಹೊಸತರಲ್ಲಿ ಅವಳು ಹೇಳಿದ್ದಳು, ಸುಟ್ಟ ಬದನೆಕಾಯಿ ಗೊಜ್ಜಿನ ವಾಸನೆ ಬಂದರೆ ಸತ್ತು ಮಲಗಿದ್ದರೂ ಎದ್ದು ಬರುತ್ತೇನೆ ಎಂದು. ಆದರೆ ಅದಕ್ಕೆ ಪೇಟೆಯ ಬದನೆ ಆಗದು, ಶೇಷಮ್ಮನವರ ಹಿತ್ತಲಿನ ಹಸಿರು ಗುಂಡು ಬದನೆಯೇ ಆಗಬೇಕು ಎಂಬುದು ಅವಳ ಶಾಸ್ತ್ರ. ಹಾಗೆ ಆ ಅಪರಾಧ ನಡೆಯಿತು. ಎಣ್ಣೆ ಸವರಿ, ಅಲ್ಲಲ್ಲಿ ಚುಚ್ಚಿ ಬೆಳ್ಳುಳ್ಳಿ ಎಸಳು ತುರುಕಿ, ಬಚ್ಚಲೊಲೆಯ ಕೆಂಡದ ಮೇಲೆ ಇಟ್ಟೆ. ಕೆಂಡ ಕೆದಕಿದೆ, ಊದಿದೆ. ಸ್ವಲ್ಪ ಹೊತ್ತಿಗೆ ಬೆನ್ನ ಹಿಂದೆ ಬಳೆ ಸದ್ದು. ಬಚ್ಚಲಿನ ಬಾಗಿಲು ಹಿಡಿದು ನಿಂತಿದ್ದಾಳೆ.

“ಎಂತ ಸುಡ್ತಿದ್ದೀರಿ? ವಾಸ್ನೆ ಬರ್ತಿದೆ.”

ಹೇಳಿದ ಮೇಲೆ ತಾನು ಹೇಳಿದ್ದು ಏನೆಂದು ಅವಳಿಗೇ ಹೊಳೆಯಿತು. ಮತ್ತೆ ಉಸಿರೆಳೆದಳು. ಮತ್ತೆ. ಆಮೇಲೆ ಅಲ್ಲೇ ಹೊಸ್ತಿಲ ಮೇಲೆ ಕೂತು ಅತ್ತಳು, ನಕ್ಕಳು, ಎರಡನ್ನೂ ಒಟ್ಟಿಗೆ. ಪುಟ್ಟೀ, ನಾನು ಇಷ್ಟು ವರ್ಷ ಮಕ್ಕಳಿಗೆ ಹೇಳಿಕೊಟ್ಟದ್ದೆಲ್ಲ ಪುಸ್ತಕದ ಬದನೆಕಾಯಿ. ಕೊನೆಗೆ ಕೆಲಸಕ್ಕೆ ಬಂದದ್ದು ಹಿತ್ತಲಿನದು. ಎದ್ದವಳು ನನ್ನನ್ನು ಪಕ್ಕಕ್ಕೆ ಸರಿಸಿ, ನೀರಿಗೆ ಬೆರಳದ್ದಿ ಸುಟ್ಟ ಸಿಪ್ಪೆ ತಾನೇ ಸುಲಿದಳು. ಈರುಳ್ಳಿ, ಜೀರಿಗೆಮೆಣಸು, ಹುಣಸೆರಸ ಹಾಕಿ ಕಿವುಚಿ, ಗೂಟದ ಸೌಟು ಇಳಿಸಿ ಒಗ್ಗರಣೆ ಕೊಟ್ಟಳು. ಕಡುಬಿನ ಜೊತೆ ಉಂಡು ಬಟ್ಟಲು ಬಳಿದಳು. ಹೇಳಿಕೆಯಲ್ಲಿ ಉತ್ಪ್ರೇಕ್ಷೆ ಇರಬಾರದು, ಆದ್ದರಿಂದ ಇದನ್ನೂ ಬರೆಯುತ್ತೇನೆ: ಗೊಜ್ಜಿನ ಪೂರ್ತಿ ಪರಿಮಳ ಇನ್ನೂ ಬಂದಿಲ್ಲ. ಇವತ್ತು ಬೆಳಿಗ್ಗೆ ನಿಂಬೆಹಣ್ಣು ಎಲ್ಲೋ ದೂರದಲ್ಲಿದ್ದ ಹಾಗೆ ಬಂತಂತೆ. ಡಾಕ್ಟರಿಗೆ ಫೋನು ಮಾಡಿದೆ. ಒಳ್ಳೆಯ ಲಕ್ಷಣ, ನಿಧಾನ ಆಗುತ್ತೆ, ಅವಸರ ಮಾಡಬೇಡಿ ಎಂದರು.

ಆದರೂ ಒಂದು ಮಾತು ದಾಖಲಾಗಲಿ. ಡಾಕ್ಟರ ಲವಂಗಕ್ಕೂ ಬಗ್ಗದ ಮೂಗು, ನಿನ್ನ ಅಪ್ಪನ ಕೈಗುಣಕ್ಕೆ, ನಿನ್ನ ಅಪ್ಪ ಸುಟ್ಟ ಬದನೆಕಾಯಿಯ ಪರಿಮಳಕ್ಕೆ ಬಗ್ಗಿತು. ಮೀಸೆ ತಿರುವಿಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಶೇಷಮ್ಮನವರು ಇವತ್ತು ಮೊದಲ ಬಸ್ಸಿಗೆ ಬಂದಿಳಿದರು. ಉಳಿದ ಗೊಜ್ಜನ್ನು ನಿನ್ನ ಅಮ್ಮ ತಾನೇ ಬಟ್ಟಲಲ್ಲಿ ಒಯ್ದು ಕೊಟ್ಟಳು. ಕದ್ದ ಮಾಲನ್ನು ಒಡತಿಗೇ ತಿನ್ನಿಸಿ ಸಾಕ್ಷ್ಯ ನಾಶ ಮಾಡಿದ ಪ್ರಕರಣ ನಿಮ್ಮ ಪಾಠದಲ್ಲಿ ಬಂದಿದೆಯೇ? ಆಮೇಲೆ ಬೇಲಿಯ ಹತ್ತಿರ ನನ್ನನ್ನು ನಿಲ್ಲಿಸಿ, “ಈ ಬದ್ನೆಕಾಯಿ ಎಲ್ಲಿ ಸಿಕ್ತು ಮೇಷ್ಟ್ರೆ? ನಮ್ ಹಿತ್ಲದ್ದೇ ರುಚಿ ಇದೆಯಲ್ಲ” ಅಂದರು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡನಂತೆ; ಬದನೆಕಾಯಿ ಕಳ್ಳ ಮೀಸೆ ಮುಟ್ಟಿಕೊಂಡ. ಅವರು ಒಂದು ಕ್ಷಣ ನನ್ನ ಮುಖ ನೋಡಿ, ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಸರಸರ ಒಳಗೆ ಹೋದರು. ಯಾಕೆಂದು ನಾನು ಕೇಳಲಿಲ್ಲ.

ಹಾಗಾಗಿ ಸೋಮವಾರ ನೀನು ಏನನ್ನೂ ಬರೆದುಕೊಡಬೇಡ. ಮೂಗೇ ರಾಜೀನಾಮೆ ವಾಪಸ್ ತೆಗೆದುಕೊಳ್ಳುತ್ತಿರುವಾಗ ಮಗಳು ಕೊಡುವುದು ಚೆನ್ನಾಗಿರುವುದಿಲ್ಲ. ನಿಮ್ಮ ಪಥಸಂಚಲನದ ದಿನ ಇಬ್ಬರೂ ಬರುತ್ತೇವೆ, ಗೊಜ್ಜೂ ಬರುತ್ತದೆ. ಅಷ್ಟರೊಳಗೆ ಹಿಮ್ಮಡಿಗೆ ದಿನಾ ಕೊಬ್ಬರಿಎಣ್ಣೆ ಹಚ್ಚು. ನಿನ್ನ ಹೆಗಲಿಗೆ ನಕ್ಷತ್ರ ಬೀಳುವುದನ್ನು ನೋಡಲು ನಮ್ಮಿಬ್ಬರ ಕಣ್ಣೂ, ಈಗ ಅವಳ ಮೂಗೂ, ಕಾಯುತ್ತಿವೆ. ನೂರು ಕಾಲ ಚೆನ್ನಾಗಿರು ಮಗಳೇ.

ನಿನ್ನ ಅಪ್ಪ, ಉರುಫ್ ಆರೋಪಿ,
ನಟರಾಜ್

ಮರೆತ ಮಾತು: ಅಂಚೆಯ ದೀಪಕ್ ಶನಿವಾರ ನಿನ್ನ ಕೈಗೆ ಸಿಗುವಂತೆ ಕಳಿಸುತ್ತೇನೆಂದು ಗೇಟಿನಲ್ಲಿ ಕಾಯುತ್ತಿದ್ದಾನೆ, ಆದರೆ ನಿನ್ನ ಅಮ್ಮ ಕಾಗದ ಓದಿ ಲಕೋಟೆ ಅಂಟಿಸಲು ಬಿಡುತ್ತಿಲ್ಲ. “ಮೀಸೆ ವಿಷ್ಯ ಎಲ್ಲಿ? ಅದನ್ನ ಬರೀದಿದ್ರೆ ಅವಳು ನಂಬಲ್ಲ, ಬ್ಯಾಗು ಕಟ್ಕೊಂಡು ಬಂದೇಬಿಡ್ತಾಳೆ” ಎನ್ನುತ್ತಾಳೆ. ಸರಿ, ಬರೆಯುತ್ತೇನೆ. ಊದುಕೊಳವೆ ಸಿಗಲಿಲ್ಲ. ಬಗ್ಗಿ ಬಾಯಿಂದಲೇ ಊದಿದೆ. ಒಳಗಿದ್ದ ತೆಂಗಿನ ಸಿಪ್ಪೆ ಭಗ್ಗೆಂದು ಹತ್ತಿಕೊಂಡಿತು. ಚರ್ಮಕ್ಕೆ ಏನೂ ಆಗಿಲ್ಲ. ಅವಳು ಬಾಗಿಲಲ್ಲಿ ನಿಂತು ಆಡಿದ ಮಾತಿನಲ್ಲಿ ನಾನು ಒಂದಿಷ್ಟನ್ನು ಮೇಲೆ ನುಂಗಿದ್ದೆ. ಪೂರ್ತಿ ಮಾತು ಇದು: “ಎಂತ ಸುಡ್ತಿದ್ದೀರಿ? ಕೋಳಿಪುಕ್ಕ ಸುಟ್ಟ ವಾಸ್ನೆ ಬರ್ತಿದೆ.” ಬದನೆಕಾಯಿ ಆಗಿನ್ನೂ ಬಿಸಿಯೂ ಆಗಿರಲಿಲ್ಲ ಪುಟ್ಟೀ. ಸುಳ್ಳು ಹೇಳುವವನು ಯಾವನಾದರೂ ಇಂಥದ್ದನ್ನು ತನ್ನ ಮೇಲೆ ತಾನೇ ಬರೆದುಕೊಳ್ಳುತ್ತಾನೆಯೇ, ಇದೇ ಸಾಕ್ಷಿ ಸಾಲದೇ ಎಂದು ಅವಳು ಕೇಳುತ್ತಿದ್ದಾಳೆ. ಉಳಿದದ್ದನ್ನೂ ಬೋಳಿಸಿಬಿಡೋಣವೆಂದರೆ ಬಿಡುತ್ತಿಲ್ಲ. ನನ್ನ ಮುಖ ಕಂಡಾಗಲೆಲ್ಲ ನಗುತ್ತಾಳೆ, ನಕ್ಕು ಇನ್ನೊಂದು ಕಡುಬು ಹಾಕಿಕೊಳ್ಳುತ್ತಾಳೆ. ಹಾಗಾಗಿ ಬಿಟ್ಟಿದ್ದೇನೆ. ಮೀಸೆ ತಿರುವಿಕೊಂಡು ಬರೆಯುತ್ತಿದ್ದೇನೆ ಎಂದೆನಲ್ಲ, ಅದು ಬಲಗಡೆಯದು. ಇರುವುದು ಅದೊಂದೇ.